ಗುಡ್ಡದ ಮೇಲೆ ಚೆಲ್ಲಿದ ಚರಗ

ಆಗಿನ ದಿನಗಳಲ್ಲಿ ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ನಮ್ಮ ಮನೆಗೆ ಬೀಗ ಬೀಳುತ್ತಿತ್ತು. ಅಪ್ಪ ಗುಳೇದಗುಡ್ಡದಲ್ಲಿ ಕುಬಸದ ಖಣ ನೇಯುತ್ತ ಮಗ್ಗದ ಹತ್ತಿರವೇ ಉಳಿಯುತ್ತಿದ್ದ. ಅಪ್ಪನ ತಾಯಿಯಾದ ಆಯಿ, ಅವ್ವ, ಸಂಗಪ್ಪ ಕಾಕಾ ಮತ್ತು ನಾನು ಊರ ಹಿಂದಿನ ಗುಡ್ಡ ಹತ್ತಿ ತಾಡಪತ್ರಿಯ ಗುಡಾರ ಹಾಕುತ್ತಿದ್ದೆವು. ಹಣ್ಣಿನ ಸುಗ್ಗಿ ಮುಗಿಯುವವರೆಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಶಾಲೆಯ ಸುದ್ದಿ ಎತ್ತುವವರು ಯಾರೂ ಇರುತ್ತಿರಲಿಲ್ಲವಾದ್ದರಿಂದ ನನ್ನ ಪಾಲಿಗೆ ಅದು ಸ್ವರ್ಗ. ಹಾಸುಗಲ್ಲಿನ ಕುಳಿಗಳಲ್ಲಿ ಸೀತಾಫಲದ ಕರಿ ಬೀಜ ತುಂಬಿ, ಎರಡೂ ಕಡೆಯಿಂದ ನಾನೇ ಆಡುತ್ತಿದ್ದೆ. ಮೋಸವನ್ನೂ ನಾನೇ ಮಾಡುತ್ತಿದ್ದೆ, ಜಗಳವನ್ನೂ ನಾನೇ ಆಡುತ್ತಿದ್ದೆ.

ಆ ಗುಡ್ಡದಲ್ಲಿ ಕರಡಿ ಇತ್ತು. ಹಣ್ಣಿನ ವಾಸನೆ ಹಿಡಿದು ಕುಷ್ಟಗಿ ಕಡೆಯ ಗುಡ್ಡಗಳಿಂದ ಬರುತ್ತದೆ ಎನ್ನುತ್ತಿದ್ದರು. ನಾವು ಕಂಡಿದ್ದು ಅದರ ಗುರುತುಗಳನ್ನು ಮಾತ್ರ. ಅಗೆದು ಚೆಲ್ಲಾಡಿದ ಹುತ್ತ, ಬೀಜ ತುಂಬಿದ ಲದ್ದಿ, ಗಿಡದ ತೊಗಟೆಯ ಮೇಲೆ ಉಗುರಿನ ಗೀರು. ಪಕ್ಕದ ಊರಿನ ಕುರಿ ಕಾಯುವವನೊಬ್ಬ ಸಂತೆಯಲ್ಲಿ ಎದುರಾದರೆ ಅವ್ವ ಸೆರಗಿನಿಂದ ನನ್ನ ಕಣ್ಣು ಮುಚ್ಚುತ್ತಿದ್ದಳು. ಅವನ ಅರ್ಧ ಮುಖ ಇರಲಿಲ್ಲ. ಬೆಲ್ಲವಿದ್ದ ಬುತ್ತಿಯ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದನಂತೆ.

ಹಾಗಾಗಿ ಗುಡ್ಡದ ಮೇಲೆ ಆಯಿಯ ಕಟ್ಟಳೆ ಎಂದರೆ ಕಟ್ಟಳೆ. ಗುಡಾರದೊಳಗೆ ಒಂದು ಶೇಂಗಾ ಕಾಳನ್ನೂ ಬಾಯಿಗೆ ಹಾಕುವಂತಿಲ್ಲ. ಒಲೆ ದೂರದ ಬಂಡೆಯ ಹಿಂದೆ. ಉಂಡ ಮೇಲೆ ಬೂದಿ ಹಚ್ಚಿ ಕೈ ತೊಳೆಯಬೇಕು, ಸಿಪ್ಪೆಯನ್ನು ಕೊಳ್ಳಕ್ಕೆ ಎಸೆದು ಬರಬೇಕು. ಹಣ್ಣಾದದ್ದು ಒಂದೂ ಉಳಿಯಬಾರದು, ಕಾಯಿಯನ್ನೆಲ್ಲ ಕಾಕಾ ಅವತ್ತಿಂದವತ್ತೇ ಕೆಳಗೆ ಸಾಗಿಸಬೇಕು. ರೊಟ್ಟಿ, ಚಟ್ನಿ, ಬಾಯಿಗೆ ಸೆಗಣಿ ಮೆತ್ತಿದ ಬೆಲ್ಲದ ಗಡಿಗೆ ಎಲ್ಲವೂ ತೂಗುಹಾಕಿದ ನೆಲವಿನಲ್ಲಿ. ಆ ನೆಲವು ಎರಡು ಎತ್ತರದ ಬಂಡೆಗಳ ನಡುವೆ ಬಿಗಿದ ಹಗ್ಗದಿಂದ ನಡು ಗಾಳಿಯಲ್ಲಿ ತೂಗುತ್ತಿತ್ತು.

"ಆಯಿ, ಗಿಡಕ್ಕ ಕಟ್ಟಿದ್ರ ಆಗೂದಿಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಜೇನಿನ ಸಲುವಾಗಿ ಗಿಡಾ ಏರತೈತಿ ಅದು. ನಿನ್ನ ರೊಟ್ಟಿ ಬಿಟ್ಟೀತೇನು? ಅದರ ಕಣ್ಣು ಮಂದ, ಮೂಗು ಮಾತ್ರ ಭಾಳ ಚುರುಕು."

ಆ ವರ್ಷ ಅವ್ವ ಬಸುರಿ. ಸುಗ್ಗಿಯ ನಡುವೆಯೇ ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಭೂಮಿತಾಯಿಯೂ ಬಸುರಿ. ಅವಳ ಬಯಕೆ ತೀರಿಸಲು ಕಡುಬು, ಬುತ್ತಿ ಎಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ನಮಗೆ ಹೊಲವಿರಲಿಲ್ಲ. ಆಯಿ ಹೂರಣದ ಕಡುಬು ಕುದಿಸಿ, ಬೆಲ್ಲ, ತುಪ್ಪ, ಮೊಸರನ್ನದ ಜೊತೆ ಕಲಸಿ ಬುಟ್ಟಿ ತುಂಬಿಕೊಂಡು ಗುಡಾರದ ಮುಂದೆ ನಿಂತಾಗ ಕಾಕಾನಿಗೆ ತಡೆಯಲಾಗಲಿಲ್ಲ.

"ಯವ್ವಾ, ಇಲ್ಲಿ ಚೆಲ್ಲಬ್ಯಾಡ. ಆ ಕಡೆ ತುದಿಗೆ ಹೋಗಿ ಚೆಲ್ಲೂಣು."

"ಯಾಕ? ಉಣ್ಣೂದು ಇಲ್ಲಿ, ಮಲಗೂದು ಇಲ್ಲಿ. ಅಕಿಗೆ ಕೊಡೂದು ಅಲ್ಲೇನು?"

"ಕರಡಿ ಬರತೈತಿ."

"ಬಸುರಿ ಹೆಣ್ಮಗಳಿಗೆ ಉಣ್ಣಾಕ ಇಕ್ಕಿದ್ರ ಕೇಡು ಬರತೈತೇನೋ ಸಂಗಪ್ಪಾ?"

ಚರಗಕ್ಕೆಂದೇ ಇರುವ, ಅರ್ಥ ಯಾರಿಗೂ ಗೊತ್ತಿಲ್ಲದ ಹಳೆಯ ಕೂಗು ಹಾಕುತ್ತ ಆಯಿ ಗುಡಾರದ ಸುತ್ತ ಚರಗ ಚೆಲ್ಲಿ ಬಂದಳು. ತುಪ್ಪ ಬೆಲ್ಲದ ವಾಸನೆ ಬಿಸಿಲಿಗೆ ಎದ್ದು ನಿಂತಿತು. ನನಗೆ ಬಾಯಲ್ಲಿ ನೀರು, ಕಾಕಾನ ಮುಖದಲ್ಲಿ ಚಿಂತೆ.

ಆಮೇಲೆ ಅವ್ವನ ಉಡಿ ತುಂಬುವುದು. ಆಯಿ ಗಂಡ ಸತ್ತವಳು, ಉಡಿಯ ಸಾಮಾನು ಮುಟ್ಟುತ್ತಿರಲಿಲ್ಲ. ದೂರ ಕುಳಿತು ಹೇಳಿಕೊಟ್ಟಳು, ನಾನು ನನ್ನ ಪುಟ್ಟ ಕೈಗಳಿಂದ ಅವ್ವನ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದ ಹೆಂಟೆ, ಎರಡು ಕಡುಬು ಹಾಕಿದೆ. ಅವ್ವ ಅದನ್ನು ಗಂಟು ಹಾಕಿ ಹೊಟ್ಟೆಯ ಮೇಲೆ ಸಿಕ್ಕಿಸಿಕೊಂಡಳು. ಸಂಜೆ ಕೆಳಗಿಳಿದು ಮನೆಯ ದೇವರ ಜಗಲಿಯ ಮುಂದೆ ಬಿಚ್ಚುವವರೆಗೆ ಆ ಉಡಿ ಇಳಿಸಬಾರದು. ಇಳಿಸಿದರೆ ಹೊಟ್ಟೆಯೊಳಗಿನದಕ್ಕೆ ಒಳ್ಳೆಯದಲ್ಲ.

ಊಟವಾದ ಮೇಲೆ ಕಾಕಾ ಹಣ್ಣಿನ ಬುಟ್ಟಿಗಳನ್ನು ಹೊತ್ತು, "ಲಗೂನ ಬರ್ತೇನಿ" ಎಂದು ಇಳಿದು ಹೋದ.

ಹೊತ್ತು ಇಳಿಯುತ್ತಿತ್ತು. ಮೊದಲು ಕಾಡುಕೋಳಿಗಳು ಸುಮ್ಮನಾದವು. ಆಮೇಲೆ ಯಾರೋ ಬಸಿಯಿಂದ ಚಹಾ ಹೀರಿದಂಥ ಸದ್ದು ಬಂತು. ಕಾಕಾ ಬಂದನೆಂದು ಎದ್ದು ನಿಂತವಳ ಭುಜ ಒತ್ತಿ ಆಯಿ ನನ್ನನ್ನು ಕೂರಿಸಿದಳು. ಕರೀ ಜೂಲಿನ ಪ್ರಾಣಿಯೊಂದು ತಲೆ ತಗ್ಗಿಸಿಕೊಂಡು ಚರಗದ ಜಾಡನ್ನೇ ನೆಕ್ಕುತ್ತ ಬರುತ್ತಿತ್ತು. ಅವಸರವಿಲ್ಲ. ಒಂದು ತುತ್ತು ಬಿಡದೆ, ಆಯಿ ನಡೆದ ದಾರಿಯಲ್ಲೇ ನಡೆದು, ನಮ್ಮನ್ನು ನಡುವೆ ಇಟ್ಟುಕೊಂಡು ಸುತ್ತು ಬರುತ್ತಿತ್ತು. ಗಾಳಿಯಲ್ಲಿ ತೂಗುತ್ತಿದ್ದ ನೆಲವಿನ ಕಡೆ ತಲೆ ಕೂಡ ಎತ್ತಲಿಲ್ಲ.

ಸುತ್ತು ಮುಗಿಯಿತು, ಚರಗವೂ ಮುಗಿಯಿತು. ಅದು ನಿಂತು ಮೂಗು ಎತ್ತಿತು. ಆ ಮೂಗು ತಿರುಗಿದ್ದು ಅವ್ವನ ಕಡೆಗೆ.

ಅವ್ವ ಎರಡೂ ಕೈಯಿಂದ ಉಡಿಯನ್ನು ಒತ್ತಿ ಹಿಡಿದುಕೊಂಡಳು. ಅದರ ಹಿಂದೆ ಇದ್ದದ್ದು ಹೊಟ್ಟೆ.

"ಗಂಗವ್ವಾ, ಉಡಿ ಬಿಚ್ಚು," ಆಯಿ ಪಿಸುಗುಟ್ಟಿದಳು.

"ಬ್ಯಾಡ್ರಿ ಅತ್ತಿ. ಇಳಸಬಾರದ್ರಿ."

"ಬಿಡು ಕೈ!"

ಯಾವ ಸಾಮಾನನ್ನು ಬೆರಳ ತುದಿಯಿಂದಲೂ ಮುಟ್ಟಿರಲಿಲ್ಲವೋ, ಅದನ್ನು ಆಯಿ ಅವ್ವನ ಸೆರಗಿನಿಂದ ಬಾಚಿ ತನ್ನ ಸೆರಗಿಗೆ ತುಂಬಿಕೊಂಡಳು. ಎದ್ದಳು. ಓಡಲಿಲ್ಲ. ಬೆಲ್ಲದ ಚೂರು, ಉತ್ತತ್ತಿ ಒಂದೊಂದೇ ಉದುರಿಸುತ್ತ ಕೊಳ್ಳದ ಕಡೆ ನಡೆದಳು. ತುಟಿಗಳು ಅಲ್ಲಾಡುತ್ತಿದ್ದವು. ಕರಡಿ ಒಮ್ಮೆ ನಮ್ಮ ಕಡೆ ತಿರುಗಿತು, ಒಮ್ಮೆ ಅವಳ ಕಡೆ. ಆಮೇಲೆ ಅವಳ ಹಿಂದೆ ಹೋಯಿತು. ಬಂಡೆಯ ಮರೆಗೆ ಮೊದಲು ಆಯಿಯ ಬಿಳಿ ಸೀರೆ, ಅದರ ಹಿಂದೆ ಆ ಕರೀ ಬೆನ್ನು.

ಅವ್ವ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು. ಅವಳ ಅಂಗೈಯಲ್ಲಿ ಬೆಲ್ಲದ ಅಂಟು. ಅಷ್ಟು ಅಂಜಿಕೆ ನನಗೆ ಆಮೇಲೆಂದೂ ಆಗಿಲ್ಲ.

ಹೊತ್ತು ಮುಳುಗುವ ಮೊದಲು ಆಯಿ ಇನ್ನೊಂದು ಬದಿಯಿಂದ ಬಂದಳು. ಮೈಮೇಲೆ ಒಂದು ಗೀರೂ ಇಲ್ಲ, ಸೆರಗು ಖಾಲಿ. ಉಳಿದದ್ದನ್ನೆಲ್ಲ ಕೊಳ್ಳಕ್ಕೆ ಸುರಿದಿದ್ದಳು. ಅವ್ವ ಅಳುತ್ತ ಅಪ್ಪಿಕೊಳ್ಳಲು ಹೋದರೆ ಆಯಿ ಹಿಂದೆ ಸರಿದಳು. "ಮುಟ್ಟಬ್ಯಾಡ" ಎಂದಳು. ಮರಳಿ ಬಂದ ಕಾಕಾ ನಮ್ಮನ್ನು ಕೆಳಗಿಳಿಸುತ್ತ ದಾರಿಯುದ್ದಕ್ಕೂ ಒದರಿದ, "ರೊಟ್ಟಿ ಆಕಾಶಕ್ಕ ಕಟ್ಟಿ, ಕಡಬು ನೆಲಕ್ಕ ಚೆಲ್ಲಿದ್ಯಲ್ಲ ಯವ್ವಾ!"

ಕೆಲವು ದಿನಗಳಲ್ಲೇ ಅವ್ವನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದರು. ಹೆಣ್ಣು ಕೂಸು, ದಿನ ತುಂಬಿರಲಿಲ್ಲ, ಉಸಿರಾಡಲಿಲ್ಲ. ಹೀಗೆ ಆಗುವುದುಂಟು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ಆಯಿ ಗೋಡೆಗೆ ಒರಗಿ ಕೇಳಿಸಿಕೊಂಡಳು.

ಈಗ ಆ ಗುಡ್ಡದ ಒಂದು ಮಗ್ಗುಲನ್ನು ಕಲ್ಲಿನ ಕ್ರಷರ್ ತಿಂದಿದೆ. ಹಣ್ಣು ತೋಟಗಳಿಂದ ಬರುತ್ತದೆ. ಹುಡುಗರು ಮೋಟಾರ್ ಸೈಕಲ್ ಮೇಲೆ ಹೋಗಿ ಗುಡಾರ ಹಾಕಿ, ಚಿಪ್ಸ್ ಪೊಟ್ಟಣಗಳನ್ನು ಸುತ್ತಲೂ ಬಿಸಾಡಿ ಬರುತ್ತಾರೆ. ಕರಡಿ ಇಲ್ಲ, ಅಂಜಿಕೆ ಇಲ್ಲ ಎನ್ನುತ್ತಾರೆ. ಒಳ್ಳೆಯದೇ. ಆದರೆ ಕಳೆದುಹೋದದ್ದರ ಮಾತು ಬಂದಾಗ ನನಗೆ ಗುಡ್ಡವಾಗಲಿ ಹಣ್ಣಾಗಲಿ ನೆನಪಾಗುವುದಿಲ್ಲ. ಹೆಸರು ಕೂಡ ಇಡದ ಒಬ್ಬ ತಂಗಿ ನೆನಪಾಗುತ್ತಾಳೆ.

ಆಯಿ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವ್ವ ಗಂಜಿ ಕುಡಿಸುತ್ತಿದ್ದಳು. ಅಷ್ಟು ವರ್ಷ ಮನೆಯಲ್ಲಿ ಯಾರೂ ಎತ್ತದ ಮಾತನ್ನು ಅವತ್ತು ಅವಳೇ ಎತ್ತಿದಳು.

"ಉಡಿ ಬಿಚ್ಚಿದ್ದಕ್ಕ ಹಂಗಾತು ಅಂತ ಮನಸಿಗೆ ಹಚಗೋಬ್ಯಾಡ್ರಿ ಅತ್ತಿ. ನೀವು ಬಿಚ್ಚದಿದ್ರ ನಾ ಇವತ್ತು ಎಲ್ಲಿರತಿದ್ದೆ?"

"ಬಿಚ್ಚಿದ್ದಕ್ಕಲ್ಲ," ಆಯಿ ಅಂದಳು. "ನಡಕೋತ ಹೋಗೂಮುಂದ ಭೂಮಿತಾಯಿನ ಬೇಡಕೊಂಡೆ. ನನ್ನ ಸೊಸೀನ ಉಳಸು ತಾಯಿ, ಏನ್ ಬೇಕಾದ್ರೂ ತಗೋ ಅಂದೆ." ಚಮಚೆಯನ್ನು ಕೈಯಿಂದ ಸರಿಸಿದಳು. "ಎರಡು ಜೀವ ಅದಾವು ಅಂತ ಹೇಳಾಕ ಮರತೆ, ಗಂಗವ್ವಾ."