ಅವಳು ಹುಟ್ಟಿದ ದಿನ ನಾನೆಲ್ಲಿದ್ದೆ

ಮಗಳ ಜನ್ಮ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಎಂದಿರುವಲ್ಲಿ ನನ್ನ ಹೆಸರಿದೆ. ಹುಟ್ಟಿದ ಸ್ಥಳ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ. ಅವಳು ಹುಟ್ಟಿದ ದಿನ ನಾನು ನಾಶಿಕದಲ್ಲಿದ್ದೆ. ಗಂಡನ ವರ್ಗಾವಣೆಯಾಗಿ ಆಗಷ್ಟೇ ಧಾರವಾಡದಿಂದ ಬಂದಿದ್ದೆವು. ಅವಳನ್ನು ದತ್ತು ತೆಗೆದುಕೊಂಡಾಗ ಐದು ತಿಂಗಳ ಕೂಸು. ದತ್ತಿನ ಆದೇಶ ಬಂದ ಮೇಲೆ ನಮ್ಮ ಹೆಸರು ಹಾಕಿ ಹೊಸ ಪತ್ರ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹಿಗ್ಗಿದ್ದೆ!

ಈ ವರ್ಷ ಶಾಲೆಯಲ್ಲಿ 'ನಾನು ಹುಟ್ಟಿದ ದಿನ' ಎಂದು ಬರೆದು ತರಲು ಹೇಳಿದರು. ದತ್ತಿನ ವಿಷಯ ಮಗಳಿಗೆ ಮೊದಲಿನಿಂದಲೂ ಗೊತ್ತು. ಚಪಾತಿ ಲಟ್ಟಿಸುತ್ತಿದ್ದ ನನ್ನ ಹತ್ತಿರ ಬಂದು ಕೇಳಿದಳು:

"ಆಯಿ, ನಾ ಹುಟ್ಟಿದಾಗ ಮುಂಜಾನೆ ಇತ್ತೋ, ಸಂಜೆ ಇತ್ತೋ?"

"ಗೊತ್ತಿಲ್ಲ ಪುಟ್ಟಾ. ಪತ್ರದಾಗ ತಾರೀಖು ಅಷ್ಟ ಅದ."

"ಆ ಆಯಿಗೆ ಗೊತ್ತಿರತದ."

ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆ ಉರಿಯಿತು. ಮಗಳ ಮೊದಲ ಅಳು ಕೇಳಿದವಳು ಅವಳು. ನಾನು ಬರೀ ಕಾಗದದ ಮೇಲಿದ್ದೆ.

"ನೀನ ತಾಯಿ ಅಂತ ಸರಕಾರನ ಬರದು ಕೊಟ್ಟದ. ಮತ್ತೇನು ಬೇಕು ನಿನಗ?" ಎಂದರು ಗಂಡ, ರಾತ್ರಿ ಇದನ್ನು ಹೇಳಿಕೊಂಡಾಗ.

"ಆ ದಿವಸ ಬೇಕ್ರಿ ನನಗ," ಎಂದೆ.

ರಜೆಯ ದಿನ ಮೂವರೂ ಸಂಭಾಜಿನಗರಕ್ಕೆ, ಅವಳನ್ನು ಸಾಕಿದ್ದ ಸಂಸ್ಥೆಗೆ ಹೋದೆವು. ಹುಟ್ಟಿದ ವೇಳೆ ಅಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ. ಆಗ ಅವಳನ್ನು ನೋಡಿಕೊಂಡಿದ್ದ ವಯಸ್ಸಾದ ಹೆಂಗಸೊಬ್ಬಳು ಮಾತ್ರ ಗುರುತು ಹಿಡಿದು, ಮಗಳ ಗಲ್ಲ ಸವರಿ ಮರಾಠಿಯಲ್ಲಿ ಹೇಳಿದಳು: "ಇಲ್ಲಿಗೆ ತರುವ ಮೊದಲೇ ಎಣ್ಣೆ ಹಚ್ಚಿ ಎರೆದಿದ್ದರು ಇವಳಿಗೆ. ಗಲ್ಲದ ಮೇಲೆ ಕಾಡಿಗೆಯ ಬೊಟ್ಟು ಕೂಡ ಇತ್ತು."

ಮಗಳ ಮುಖ ಅರಳಿತು. ನಾನು ಆ ಬೊಟ್ಟಿಗೂ ಕರುಬಿದೆ. ಬಿಟ್ಟುಹೋದವಳ ಮನಸ್ಸು ಕಲ್ಲು ಎಂದುಕೊಂಡು ಇಷ್ಟು ವರ್ಷ ಸಮಾಧಾನದಿಂದಿದ್ದೆ. ಈಗ ಅದೂ ಹೋಯಿತು.

ನಾಶಿಕಕ್ಕೆ ವಾಪಸು ಬರುವಾಗ, ಬಸ್ಸು ಯೇವಲಾ ದಾಟಿದ ಮೇಲೆ, ಮಗಳು ಕೇಳಿದಳು: "ಆ ದಿವಸ ನೀ ಏನ್ ಮಾಡಲಿಕ್ಕತ್ತಿದ್ದಿ?"

"ನೆನಪಿಲ್ಲ. ಸಂಜಿಮುಂದ ಭಾಜಿ ತರಲಿಕ್ಕೆ ಹೋಗಿರಬೇಕು."

ಅವಳು ಮರಾಠಿಯಲ್ಲಿ ಬರೆದಳು: 'ನಾನು ಹುಟ್ಟಿದ ದಿನ ನನ್ನ ಆಯಿ ನಾಶಿಕದಲ್ಲಿ ತರಕಾರಿ ಕೊಳ್ಳುತ್ತಿದ್ದಳು. ನಾನು ಬಂದದ್ದು ಅವಳಿಗೆ ಯಾರೂ ಹೇಳಿರಲಿಲ್ಲ.'

ಓದಿ ಕಣ್ಣು ತುಂಬಿತು. ಆಮೇಲೆ ಪುಟ ತಿರುವಿದೆ. ಅಲ್ಲಿ ಆ ಇನ್ನೊಬ್ಬಳಿದ್ದಳು. ಅವಳಿಗೆ ಇಡೀ ಪುಟ ಕೊಟ್ಟಿದ್ದಳು ನನ್ನ ಮಗಳು.