ಭದ್ರಮ್ಮ ನೋಡಿ ಬಂದ ತಿಪ್ಪೆ

ಹಾಲಿನವನು ಮನೆದೇವರ ಮೇಲೆ ಆಣೆ ಇಟ್ಟರೂ ನಮ್ಮ ದೊಡ್ಡಮ್ಮ ಭದ್ರಮ್ಮ ಹಾಲಿಗೆ ಬೆರಳು ಅದ್ದಿ ನೋಡದೆ ಪಾತ್ರೆ ಒಳಗೆ ಒಯ್ಯುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವಳಿಗಾಗಿಯೇ ಹುಟ್ಟಿರಬೇಕು. ಒಂದು ಕಾಲದಲ್ಲಿ ಬಾಗಲಗುಂಟೆಯ ಅರ್ಧ ಊರಿಗೆ ಹಾಲು ಕೊಟ್ಟ ಮನೆ ಅದು. ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದ ಮೇಲೆ, ಗಂಡ ಸತ್ತ ಮೇಲೆ, ದೊಡ್ಡಮ್ಮ ದನ ಮಾರಿ, ಕೊಟ್ಟಿಗೆ ಕೆಡವಿ, ಹಿತ್ತಲ ತುಂಬ ಶೀಟಿನ ಮನೆಗಳನ್ನು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಳು. ಮುಂದುಗಡೆ ತಾನಿರುವ ಮನೆಗೆ ಮಹಡಿ ಏರಿಸಿ ಹಸಿರು ಬಣ್ಣ ಹೊಡೆಸಿದಳು. ಬಾಡಿಗೆಗೆ ಬಂದವರೆಲ್ಲ ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರು ರಸ್ತೆಯ ಉದ್ದಕ್ಕೂ ಹೊಸ ಹೊಸ ಬೋರ್ಡು, ಟ್ಯೂಬ್‌ಲೈಟು, ನಿನ್ನೆ ಸೈಕಲ್ ತುಳಿಯುತ್ತಿದ್ದವರ ಕೈಯಲ್ಲಿ ಇವತ್ತು ಸ್ಕೂಟರು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ದೊಡ್ಡಮ್ಮ ಮಾತ್ರ, "ಇಷ್ಟೊಂದು ಜನ ಇಷ್ಟು ಬೇಗ ಎಂಗೋ ಸಾವ್ಕಾರ್ರಾದ್ರು? ಎಲ್ಲೋ ಏನೋ ಐತೆ" ಎಂದು ಗೊಣಗುತ್ತಿದ್ದಳು.

ಇಂಥವಳ ಒಬ್ಬಳೇ ಮಗಳು ಭಾಗ್ಯಮ್ಮನಿಗೆ ದಾಸರಹಳ್ಳಿಯಿಂದ ಸಂಬಂಧ ಬಂತು. ಹುಡುಗನ ಅಪ್ಪ ಲಕ್ಷ್ಮಣಪ್ಪನವರದು ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಸ್ವಂತ ಲೇತ್ ಶೆಡ್ಡು, ಮನೆ ಮುಂದೆ ಅಂಬಾಸಿಡರ್ ಕಾರು. ಭಾಗ್ಯ ಸ್ವಿಚ್ಚು ಮಾಡುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. "ನಮ್ಮನೆ ಸೊಸೆ ದುಡಿದು ತರೋ ಗತಿ ನಮಗೆ ಬಂದಿಲ್ಲ, ಕೆಲಸ ಬಿಡಿಸಿಬಿಡಿ" ಎಂಬುದೊಂದೇ ಅವರ ಷರತ್ತು. ಭಾಗ್ಯ ಆ ದಿನ ಊಟ ಮಾಡಲಿಲ್ಲ. ಅವಳನ್ನು ಕೇಳಿದವರಾದರೂ ಯಾರು?

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ಮನೆ ನೋಡಿ ಬರುವುದು ಪದ್ಧತಿ. ಹೋದ ಹಿರಿಯರು ನಡುಮನೆಯಲ್ಲಿ ಕೂತು ಕಾಫಿ ಕುಡಿದರೆ ಸಾಲದು. ಹಿತ್ತಲಿಗೆ ಹೋಗಿ ತಿಪ್ಪೆ ನೋಡಬೇಕು. ತಿಪ್ಪೆ ದೊಡ್ಡದಿದ್ದರೆ ದನ ಇದೆ, ಗೊಬ್ಬರ ಇದೆ, ಕಣಜದಲ್ಲಿ ರಾಗಿ ಇದೆ. ಬಾಯಿ ಸುಳ್ಳು ಹೇಳೀತು, ತಿಪ್ಪೆ ಹೇಳದು. ಮದುವೆಯಾಗುವ ಹುಡುಗಿ ಮಾತ್ರ ಹೋಗುವಂತಿಲ್ಲ.

ಒಂದು ಭಾನುವಾರ ದೊಡ್ಡಮ್ಮನ ಜೊತೆ ನಾನೂ ಹೋದೆ. ಮೊಸಾಯಿಕ್ ನೆಲ, ನಡುಮನೆಯಲ್ಲಿ ಫ್ರಿಜ್ಜು, ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ದೊಡ್ಡಮ್ಮ ನೀರು ಕೇಳುವ ನೆಪದಲ್ಲಿ ಎದ್ದು ಹೋಗಿ ಅದರ ಬಾಗಿಲು ತೆಗೆದೇಬಿಟ್ಟಳು. ಒಳಗೆ ನೀರಿನ ಬಾಟಲುಗಳು, ಅರ್ಧ ನಿಂಬೆಹಣ್ಣು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಅವಳು ಬಾಗಿಲು ಮುಚ್ಚಿ, "ನಿಮ್ಮ ತಿಪ್ಪೆ ತೋರ್ಸಿ" ಅಂದಳು.

ಲಕ್ಷ್ಮಣಪ್ಪ ನಕ್ಕರು. "ನಮ್ದೇನಿದ್ರೂ ಶೆಡ್ಡಲ್ಲೇ ಕಣಮ್ಮ" ಎಂದು ಕಾರಿನಲ್ಲಿ ಪೀಣ್ಯಕ್ಕೆ ಕರೆದುಕೊಂಡು ಹೋದರು. ರಜೆಯಾದ್ದರಿಂದ ಯಂತ್ರಗಳು ನಿಂತಿದ್ದವು. ದೊಡ್ಡಮ್ಮ ಯಂತ್ರಗಳತ್ತ ತಿರುಗಿಯೂ ನೋಡದೆ ಸೀದಾ ಹಿಂಭಾಗಕ್ಕೆ ನಡೆದಳು. ಅಲ್ಲಿ ಆಳೆತ್ತರದ ಕಬ್ಬಿಣದ ರಾಶಿ ಬಿದ್ದಿತ್ತು. "ಅದೆಲ್ಲ ವೇಸ್ಟು, ಅಲ್ಲೇನು ನೋಡ್ತೀರ, ಬನ್ನಿ" ಎಂದು ಲಕ್ಷ್ಮಣಪ್ಪ ಅವಸರ ಮಾಡಿದರು. ಅವರು ಅವಸರ ಮಾಡಿದಷ್ಟೂ ದೊಡ್ಡಮ್ಮನ ಅನುಮಾನ ಗಟ್ಟಿಯಾಯಿತು. ದೃಷ್ಟಿ ತಾಕೀತೆಂದು ಈ ಯಪ್ಪ ಐಶ್ವರ್ಯ ಮುಚ್ಚಿಡುತ್ತಿದ್ದಾನೆ!

ದಾರಿಯಲ್ಲಿ ನನ್ನ ಕಿವಿಯಲ್ಲಿ, "ಇಷ್ಟು ಕಸ ಬೀಳ್ಬೇಕಾದ್ರೆ ಎಷ್ಟು ಕೆಲ್ಸ ನಡೀಬೇಕು ಏಳು" ಅಂದಳು. ಕಾರು ನಂಬದವಳು, ಫ್ರಿಜ್ಜು ನಂಬದವಳು, ಆ ರಾಶಿಯನ್ನು ನಂಬಿದಳು. ಅದೇ ವಾರ ಎಲೆ ಅಡಿಕೆ ಬದಲಾಯಿಸಿ ಮಾತು ಮುಗಿಸಿದರು. ಬರುವ ಶನಿವಾರ ಭಾಗ್ಯ ಕೆಲಸ ಬಿಡುವುದೆಂದಾಯಿತು.

ಗುರುವಾರ ಸಂಜೆ ದೊಡ್ಡಮ್ಮ ರಾಗಿ ಕೇರುತ್ತಾ ಆ ತಿಪ್ಪೆಯ ವರ್ಣನೆಯನ್ನು ಹತ್ತನೇ ಸಲ ಶುರುಮಾಡಿದಳು. ಭಾಗ್ಯ ಮೊದಲ ಸಲ ಬಾಯಿ ತೆರೆದಳು.

"ಸುರುಳಿ ಸುರುಳಿಯಾಗಿತ್ತಾ ಅವ್ವ?"

"ಸುರುಳಿ ಯಾಕಿರ್ತದೆ? ಎಲ್ಲಾ ಒಂದೇ ಅಚ್ಚಲ್ಲಿ ತೆಗ್ದಂಗೆ ಇದ್ವು. ಎಬ್ಬೆಟ್ಟಿನ ಗಾತ್ರ, ನಡುವೆ ತೂತು, ಚೆಂದಾಗವೆ."

ಭಾಗ್ಯಳ ಮುಖ ಇಳಿಯಿತು. "ಲೇತಲ್ಲಿ ಬೀಳೋ ಕಸ ಸುರುಳಿ ಕಣವ್ವ. ಅದನ್ನ ಗುಜರಿಯವ್ರು ಆಗಾಗ ಬಂದು ತಗೊಂಡ್ಹೋಗ್ತಾರೆ. ಕೆಲಸ ಇರೋ ಶೆಡ್ಡಲ್ಲಿ ಹಿತ್ಲು ಖಾಲಿ ಇರುತ್ತೆ. ನೀನು ನೋಡಿದ್ದು ಕಸ ಅಲ್ಲ, ಮಾಲು. ಕಂಪನಿಯವ್ರು ಸರಿಯಿಲ್ಲ ಅಂತ ವಾಪಸ್ ಕಳಿಸಿರೋ ಮಾಲು."

ದೊಡ್ಡಮ್ಮನ ಅನುಮಾನ ಈಗ ಮಗಳ ಮೇಲೆ ತಿರುಗಿತು. "ನಿನ್ನ ಮನ್ಸಲ್ಲಿ ಬ್ಯಾರೆ ಯಾವನಾದ್ರೂ ಅವ್ನಾ? ನಿಜ ಏಳು."

"ನನ್ನ ಮನಸ್ಸಲ್ಲಿರೋದು ನನ್ನ ಕೆಲಸ" ಎಂದು ಭಾಗ್ಯ ಎದ್ದು ಹೋದಳು. ಒಳಗೆ ಅವಳು ಅಳುವುದು ನಮಗಿಬ್ಬರಿಗೂ ಕೇಳಿಸಿತು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಯಾರಿಗೂ ಹೇಳದೆ ನನ್ನನ್ನು ಕರೆದುಕೊಂಡು ಪೀಣ್ಯಕ್ಕೆ ಹೊರಟಳು. ಅಕ್ಕಪಕ್ಕದ ಶೆಡ್ಡುಗಳ ಸದ್ದಿಗೆ ನಾವಾಡಿದ ಮಾತು ನಮಗೇ ಕೇಳುತ್ತಿರಲಿಲ್ಲ. ಲಕ್ಷ್ಮಣಪ್ಪನವರ ಶೆಡ್ಡಿಗೆ ಮಾತ್ರ ಬೀಗ. ನಾವು ಹಿಂದಿನಿಂದ ಒಳಗೆ ಹೋದೆವು. ಬದುಕಿರುವ ತಿಪ್ಪೆಯೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ, ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ದೊಡ್ಡಮ್ಮ ಹುಚ್ಚಿಯಂತೆ ಆ ತುಕ್ಕಿನ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿದಳು. ಒಳಗೆ ಬೆರಳಾಡಿಸಿ ನೋಡಿದಳು.

"ತಣ್ಣಗೈತೆ ಕಣೋ" ಅಂದಳು.

ಅಲ್ಲಿಂದ ನೇರ ದಾಸರಹಳ್ಳಿಗೆ. ದಾರಿಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಕೊಂಡಳು, ಕೊಟ್ಟ ಮಾತು ವಾಪಸ್ ಪಡೆಯುವುದಕ್ಕೆ. ಮನೆಯಲ್ಲಿ ಲಕ್ಷ್ಮಣಪ್ಪನವರ ಹೆಂಡತಿ ರಾಮಕ್ಕ ಒಬ್ಬರೇ ಇದ್ದರು. ಜಗಳಕ್ಕೆ ಸೆರಗು ಕಟ್ಟಿಕೊಂಡೇ ಬಂದಿದ್ದ ದೊಡ್ಡಮ್ಮ, "ಕೆಟ್ಟ ಮಾಲು ರಾಶಿ ಆಕ್ಕೊಂಡು ನಮ್ಮ ಕಣ್ಣಿಗೆ ಮಣ್ಣೆರಚಿದ್ರಲ್ಲ!" ಎಂದು ಶುರು ಮಾಡಿದಳು.

ರಾಮಕ್ಕ ಕಾಯಿ ತೆಗೆದುಕೊಂಡು ಪಕ್ಕಕ್ಕಿಟ್ಟರು. "ಯಾರಾದ್ರೂ ತಗೊಂಡಾರು ಅಂತ ನಮ್ಮೆಜಮಾನ್ರು ಅದನ್ನ ಇನ್ನೂ ಗುಜರಿಗೆ ಆಕಿಲ್ಲ ಭದ್ರಕ್ಕ. ನಾನೂ ಹೆಣ್ಣು ನೋಡಾಕೆ ನಿಮ್ಮನೆಗೆ ಬಂದಾಗ ಹಿತ್ಲಿಗೆ ಓಗಿದ್ದೆ."

ರಾಮಕ್ಕನೇ ಮಾತು ಮುಂದುವರಿಸಿದರು.

"ತಿಪ್ಪೆ ಇರ್ಲಿಲ್ಲ. ಸಾಲು ಮನೆ ಇದ್ವು, ಎರಡಕ್ಕೆ ಬೀಗ ಬಿದ್ದಿತ್ತು. ಆ ಎರಡು ಮನೇಲಿ ಇದ್ದೋರು ನಮ್ ಶೆಡ್ಡಲ್ಲೇ ಕೆಲ್ಸಕ್ಕಿದ್ರು, ಕೆಲ್ಸ ನಿಂತ್ಮೇಲೆ ಮನೆ ಖಾಲಿ ಮಾಡ್ಕೊಂಡು ಓದ್ರು. ಈ ಸಂಬಂಧ ಬ್ಯಾಡ ಅಂದೆ. ಇವ್ರು ಎಲ್ಲಿ ಕೇಳ್ತಾರೆ? 'ಮಹಡಿ ಮನೆ ಕಣೇ, ಸರಿಯಾಗಿ ನೋಡು' ಅಂದ್ರು."

ದೊಡ್ಡಮ್ಮ ಎಲೆ ಅಡಿಕೆಯನ್ನೂ ಕಾಯಿಯ ಪಕ್ಕಕ್ಕಿಟ್ಟು ಮೆಟ್ಟಿಲಿಳಿದಳು. ಮನೆಗೆ ಬಂದವಳು ಹಿತ್ತಲಿಗೆ ಹೋಗಿ ಆ ಎರಡು ಬೀಗಗಳನ್ನು ಎಳೆದೆಳೆದು ನೋಡಿದಳು. ಉಳಿದ ಮನೆಗಳಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಇನ್ನೆಷ್ಟು ದಿನ ಬರುತ್ತದೋ ಎಂದು ನನಗೂ ಮೊದಲ ಸಲ ಭಯವಾಯಿತು.

ಶನಿವಾರ ಬೆಳಿಗ್ಗೆ ಭಾಗ್ಯ ಕೆಲಸ ಬಿಡಬೇಕಾದ ದಿನ. ಅಮ್ಮನೇನೂ ಹೇಳದ್ದರಿಂದ ಅವಳು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದಳು. ದೊಡ್ಡಮ್ಮ ಟಿಫನ್ ಕ್ಯಾರಿಯರ್ ತಂದು ಅವಳ ಕೈಗಿಟ್ಟಳು. ಕೊಟ್ಟ ಮೇಲೂ ಮಗಳ ಕೈ ಬಿಡಲಿಲ್ಲ.

"ಈ ಮನೇಲಿ ಬೆಚ್ಚಗಿರೋದು ಈ ಕೈಯೊಂದೇ ಕಣೇ" ಅಂದಳು. "ಓಗು, ಬಸ್ಸು ತಪ್ತದೆ."