ಮಾವ ಕೊಡದ ಪೆನ್ನು

ಆಗ ನನಗೆ ಮೂವತ್ತೆಂಟು. ನಲವತ್ತೈದು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಹೆಂಗಸರು ಒಡವೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ, ಸೀರೆ ನೋಡಿ ಉರಿದುಕೊಳ್ಳುತ್ತಾರೆ. ನಾನು ಉರಿದುಕೊಂಡದ್ದು ಒಂದು ಇಂಕ್ ಪೆನ್ ನೋಡಿ.

ನಗಬೇಡಿ. ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳಿಗೆ ಪೆನ್ನಿನ ಚಪಲ ಯಾಕೆ ಅಂತ ನಮ್ಮ ಮನೆಯವರೂ ನಕ್ಕಿದ್ದರು. (ಈ ಅಂಕಣವನ್ನೂ ನಾನು ಕೈಯಲ್ಲೇ ಬರೆಯುವುದು. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ಟೈಪ್ ಮಾಡುವಾಗ ಸರಿ ಮಾಡುತ್ತಾಳೆ. ನನ್ನ ಮಾತನ್ನೇ ಸರಿ ಮಾಡಲು ಬಂದರೆ ಬೈಸಿಕೊಳ್ಳುತ್ತಾಳೆ.)

ಹೋದ ವಾರ ಇದೇ ಮೊಮ್ಮಗಳು ನಮ್ಮ ಮರಳೂರಿನ ಮನೆಯಲ್ಲಿ ಫೋನ್ ಹಿಡಿದು ಪೆನ್ನು ಆರಿಸುತ್ತ ಕೂತಿದ್ದಳು. ವಿಂಟೇಜ್ ಸ್ಟೈಲ್ ಅಂತೆ. ದಪ್ಪಗೆ, ಕರ್ರಗೆ, ಚಿನ್ನದ ಬಣ್ಣದ ನಿಬ್ಬು. ದಿನಾ ಡೈರಿ ಬರೆಯಲು ಬೇಕಂತೆ. ಅಷ್ಟು ಹೊತ್ತು ಬೆರಳಾಡಿಸಿ, ಕೊನೆಗೆ ಯಾವುದು ತಗೊಳ್ಳಲಿ ಅಜ್ಜಿ ಅಂತ ನನ್ನನ್ನೇ ಕೇಳಿದಳು. ಬರೆದು ನೋಡದೆ ಪೆನ್ನು ಆರಿಸುವುದು ಹೇಗೆ? ಫೋಟೋ ನೋಡಿ ಗಂಡು ಒಪ್ಪಿದ ಹಾಗೆ. ಅದನ್ನು ಹೇಳಲು ಹೋಗಿ ಈ ಕಥೆ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ ನೆನಪಾಗುವುದು?

ನಾವಾಗ ಗುಬ್ಬಿಯಲ್ಲಿದ್ದೆವು. ನಮ್ಮ ಮನೆಯವರಿಗೂ ನನ್ನ ಮೈದುನನಿಗೂ ಕೊಬ್ಬರಿ ಮಂಡಿಯಲ್ಲಿ ಕೆಲಸ. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಒಲೆ ಮಾಡಿದ್ದೆವು. ಜಗಲಿ ಒಂದೇ, ಹಿತ್ತಿಲೂ ಒಂದೇ. ಮೈದುನನ ಹೆಂಡತಿಯ ಹೆಸರು ಸರ್ವಮಂಗಳ. ನನಗಿಂತ ಎಷ್ಟೋ ಚಿಕ್ಕವಳು. ಮಂಗಳ ಅಂತ ಕರೆಯುತ್ತಿದ್ದೆವು.

ಆಗ ನಮ್ಮ ಬೀದಿಯ ಹೆಂಗಸರೆಲ್ಲ ಮಧ್ಯಾಹ್ನದ ಪಾತ್ರೆ ಬೆಳಗಿದ ಮೇಲೆ ನಾಮ ಬರೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೋಟ್ ಬುಕ್ಕಿನ ತುಂಬ 'ಓಂ ನಮಃ ಶಿವಾಯ' ಅಂತ ಬರೆಯುವುದು, ಬುಕ್ಕು ತುಂಬಿದ ಮೇಲೆ ಮಠಕ್ಕೆ ಒಪ್ಪಿಸುವುದು. ದಿನಾ ಬರೆದರೆ ಮನಸ್ಸು ತಿಳಿಯಾಗುತ್ತದೆ, ಮತ್ಸರ ಹೋಗುತ್ತದೆ ಅಂತ ಹೇಳಿದ್ದರು.

ಮತ್ಸರ ಹೋಗುವುದು ಹಾಗಿರಲಿ. ನನಗೆ ಹತ್ತಿಕೊಂಡದ್ದೇ ಅಲ್ಲಿ.

ಯಾಕೆ ಅಂದರೆ, ನಾನು ಬರೆಯುತ್ತಿದ್ದುದು ಮಂಡಿಯಿಂದ ಬಂದ ಬಾಲ್ ಪೆನ್ನಿನಲ್ಲಿ. ಮಂಗಳ ಬರೆಯುತ್ತಿದ್ದುದು ನಮ್ಮ ಮಾವನವರ ಇಂಕ್ ಪೆನ್ನಿನಲ್ಲಿ.

ಮಾವ ಕೊತ್ತಗೆರೆಯವರು. ಕುಣಿಗಲ್ಲಿನಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ಆ ಪೆನ್ನು ಅವರ ಜೇಬು ಬಿಟ್ಟು ಇಳಿದದ್ದನ್ನು ನಾನು ಕಂಡಿರಲಿಲ್ಲ. ಬಲಿತ ನುಗ್ಗೆಕಾಯಿಯಷ್ಟು ದಪ್ಪ. ಕತ್ತು ತಿರುಗಿಸಿ ಬಿಚ್ಚಿ, ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಇಂಕು ಹಾಕಬೇಕು. ಬರೆದರೆ ಸದ್ದೇ ಇಲ್ಲ. ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ ಹೋಗುತ್ತಿತ್ತು.

ಅತ್ತೆ ಹೋದ ಮೇಲೆ ಮಾವ ಗುಬ್ಬಿಗೆ ಬಂದರು. ಬಂದವರು ಹಾಸಿಗೆ ಹಿಡಿದರು. ಗಂಜಿ ಕುಡಿಸಿದವಳು ನಾನು. ಪಂಚೆ, ಹಾಸಿಗೆ ಒಗೆದವಳು ನಾನು. (ಒಗೆದದ್ದರಲ್ಲಿ ಏನೇನಿತ್ತು ಅಂತ ಪೇಪರಿನಲ್ಲಿ ಬರೆಯುವ ಹಾಗಿಲ್ಲ.) ಮಂಗಳ ಏನು ಮಾಡುತ್ತಿದ್ದಳು? ಅವರ ಮಂಚದ ಪಕ್ಕ ಕೂತು ನಾಮ ಬರೆಯುತ್ತಿದ್ದಳು. ಮಾವ ಮಲಗಿದಲ್ಲಿಂದಲೇ ನೋಡಿ ಅಕ್ಷರ ತಿದ್ದುತ್ತಿದ್ದರು. ಅವಳ ಬುಕ್ಕಿನ ರಟ್ಟಿನ ಮೇಲೆ 'ಸರ್ವಮಂಗಳ' ಅಂತ ತಾವೇ ದೊಡ್ಡದಾಗಿ ಬರೆದುಕೊಟ್ಟಿದ್ದರು. ಇಬ್ಬರೂ ಏನೇನೋ ಹೇಳಿಕೊಂಡು ನಗುತ್ತಿದ್ದರು. ನಾನು ಒಳಗೆ ರಾಗಿ ಕೇರುತ್ತಿದ್ದೆ.

ಒಂದು ದಿನ ಗಂಜಿ ಲೋಟ ಹಿಡಿದು ಬಾಗಿಲಿಗೆ ಬರುತ್ತೇನೆ, ಮಾವ ದಿಂಬಿನ ಕೆಳಗಿನಿಂದ ಪೆನ್ನು ತೆಗೆದು ಮಂಗಳನ ಕೈಗೆ ಕೊಡುತ್ತಿದ್ದಾರೆ. ಇಟ್ಟುಕೊಳ್ಳಮ್ಮ, ನಿನ್ನ ಅಕ್ಷರಕ್ಕೆ ಒಪ್ಪುತ್ತದೆ ಅಂದರು. ನಾನು ನೋಡಿದ್ದನ್ನು ಅವರೂ ನೋಡಿದರು. ಹತ್ತಿರ ಹೋಗಿ ಕತ್ತು ಎತ್ತಿ ಹಿಡಿದು ಗಂಜಿ ಕುಡಿಸಿದೆ. ಒಂದು ಗುಟುಕು ಇಳಿದ ಮೇಲೆ ನನ್ನ ಮುಖ ನೋಡಿದರು. ನನಗೂ ಏನೋ ಹೇಳುತ್ತಾರೆ ಅಂದುಕೊಂಡೆ.

"ಉಪ್ಪು ಸಾಲ್ದು ಕಣಮ್ಮ" ಅಂದರು.

ಸೊಸೆಯರಿಬ್ಬರಿಗೆ ಅವತ್ತು ಸಿಕ್ಕಿದ್ದು ಇಷ್ಟು. ಅವಳಿಗೆ ಪೆನ್ನು, ನನಗೆ ಉಪ್ಪು. ಅದಾಗಿ ಸ್ವಲ್ಪ ದಿನಕ್ಕೇ ಮಾವ ತೀರಿಕೊಂಡರು. ಇನ್ನು ಕೇಳುವುದಾದರೂ ಯಾರನ್ನು?

ಆಮೇಲೆ ನಾವಿಬ್ಬರೂ ಜಗಲಿಯ ಮೇಲೆ ಕೂತು ಬರೆಯುವುದು ಶುರುವಾಯಿತು. ಬೀದಿಯಲ್ಲಿ ಹೋಗುವವರು ನಿಂತು ಮಂಗಳನ ಪುಟ ನೋಡುತ್ತಿದ್ದರು. ಅಚ್ಚು ಹಾಕಿದ ಹಾಗಿದೆ ಅನ್ನುತ್ತಿದ್ದರು. ಮಾವನೇ ಪೆನ್ನು ಕೊಟ್ಟು ಹೋದರಂತೆ ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಅಂದರೇನು? ಆ ಮನೆಯಲ್ಲಿ ಮಾವನಿಗೆ ಯಾವ ಸೊಸೆ ಹೆಚ್ಚಾಗಿದ್ದಳು ಅಂತ ಬೀದಿಗೆಲ್ಲ ತೀರ್ಮಾನವಾಗಿ ಹೋಯಿತು. ನನ್ನ ಪುಟವನ್ನು ಯಾರೂ ನೋಡುತ್ತಿರಲಿಲ್ಲ. ನೋಡುವ ಹಾಗೂ ಇರಲಿಲ್ಲ ಅನ್ನಿ.

ಮಂಡಿ ಸಾಹುಕಾರರ ಹೆಂಡತಿ ಕಾರಿನಲ್ಲಿ ಓಡಾಡುತ್ತಿದ್ದಳು. ಒಂದು ದಿನವೂ ನನಗೆ ಏನೂ ಅನ್ನಿಸಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ದೂರ ನಡೆಯಲು ಕಾಲಿಲ್ಲ. ಅದು ಹುಟ್ಟುವುದು ಒಂದೇ ಜಗಲಿಯಲ್ಲಿ ಕೂತವರ ಮೇಲೆ. ಬೇಕಾದರೆ ನಿಮ್ಮ ಹೊಟ್ಟೆ ಉರಿಸಿದವರ ಹೆಸರು ಹೇಳಿ ನೋಡೋಣ. ಮಿನಿಸ್ಟರ್ ಮಗನಾ? ಅಲ್ಲ. ನಿಮ್ಮ ತಂಗಿ. ಇಲ್ಲವೇ ಆಫೀಸಿನಲ್ಲಿ ಪಕ್ಕದ ಸೀಟಿನವನು.

ಮಂಗಳ ಜಂಬದವಳಾಗಿದ್ದರೆ ಒಂದು ಜಗಳ ತೆಗೆದು ಮುಗಿಸಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ. ನೀವೂ ಒಂದು ಲೈನ್ ಬರೀರಿ ಅಕ್ಕ ಅಂತ ಪೆನ್ನು ಮುಂದೆ ಹಿಡಿಯುತ್ತಿದ್ದಳು. ಇಂಕ್ ಪೆನ್ನನ್ನು ಇನ್ನೊಬ್ಬರ ಕೈಗೆ ಕೊಡಬಾರದು ಕಣೇ, ನಿಬ್ಬು ಕೆಡುತ್ತದೆ ಅಂತ ಬುದ್ಧಿ ಹೇಳಿದೆ. ನಂಬಿದಳು. ಏನು ಹೇಳಿದರೂ ನಂಬುವ ಹೆಂಗಸು ಅವಳು.

ಕೊನೆಗೆ ಒಂದು ದಿನ ನಮ್ಮ ಮನೆಯವರಿಗೆ ಹೇಳಿದೆ, ನನಗೂ ಇಂಕ್ ಪೆನ್ ಬೇಕು, ಮಾವನವರ ಥರದ್ದೇ ಬೇಕು ಅಂತ.

"ಬಾಲ್ ಪೆನ್ನಲ್ಲಿ ಬರುದ್ರೆ ಶಿವ ಬ್ಯಾಡ ಅಂತಾನೇನೇ?" ಅಂದರು.

ಶಿವ ಅನ್ನುವುದಿಲ್ಲ, ನಾನು ಅನ್ನುತ್ತೇನೆ ಅಂದೆ. ಗೌರಿ ಹಬ್ಬಕ್ಕೆ ಸೀರೆ ಬೇಡ, ಆ ದುಡ್ಡು ಕೊಡಿ ಅಂತ ಇಸಿದುಕೊಂಡು ತುಮಕೂರಿನ ಬಸ್ ಹತ್ತಿದೆ.

ಪೇಟೆಯಲ್ಲಿ ಒಂದು ಪೆನ್ನಿನ ಅಂಗಡಿ. ಅಗಲ ಎಷ್ಟೆಂದರೆ, ಇಬ್ಬರು ದಪ್ಪಗಿನವರು ಒಟ್ಟಿಗೆ ನಿಂತರೆ ಬಾಗಿಲು ಮುಚ್ಚಿದ ಹಾಗೆ. ಗಾಜಿನ ಕೌಂಟರ್ ಹಿಂದೆ ಹಣೆ ತುಂಬ ವಿಭೂತಿ ಇಟ್ಟುಕೊಂಡ ಯಜಮಾನರು ಕೂತಿದ್ದರು. ಮಗನಿಗಾ ತಾಯಿ, ಎಷ್ಟನೇ ಕ್ಲಾಸು ಅಂತ ಕೇಳಿದರು. ನನಗೆ ಅಂದೆ. ಒಂದು ಸಲ ಮೇಲೆ ಕೆಳಗೆ ನೋಡಿದರು. ಆಮೇಲೆ ಸಣ್ಣ ಸಣ್ಣ ಪೆನ್ನು ತೆಗೆದಿಟ್ಟರು. ಒಳ್ಳೆ ಬಳಪದ ಕಡ್ಡಿಗಳು. ನಿಬ್ಬೂ ಮುಚ್ಚಿಕೊಂಡು ತುದಿ ಮಾತ್ರ ಕಾಣುತ್ತಿತ್ತು. ಅದೇ ಈಗ ಫ್ಯಾಷನ್ ಅಂದರು. ನನಗೆ ಫ್ಯಾಷನ್ ಬೇಡ, ದಪ್ಪದ್ದು, ಕರಿಯದು, ಫಿಲ್ಲರಿನಲ್ಲಿ ಇಂಕು ಹಾಕುವಂಥದ್ದು ಬೇಕು ಅಂದೆ. ಮುದುಕರ ಪೆನ್ನು ತಾಯಿ ಅದು, ಈಗ ಯಾರೂ ಕೇಳುವುದಿಲ್ಲ ಅನ್ನುತ್ತ ಕೆಳಗಿನ ಡ್ರಾಯರಿನಿಂದ ಒಂದಷ್ಟು ತೆಗೆದರು.

ಪೆನ್ನು ಆರಿಸುವುದು ಅಂದರೆ ಏನು ಗೊತ್ತಾ? ನಿಬ್ಬನ್ನು ಇಂಕಿನಲ್ಲಿ ಅದ್ದಿ, ಅಂಗಡಿಯವರು ಇಟ್ಟ ಚೀಟಿಯ ಮೇಲೆ ಬರೆದು ನೋಡುವುದು. ಬರೆದ ಮೇಲೆ ಅದೇ ಚೀಟಿಯಲ್ಲಿ ನಿಬ್ಬು ಒರೆಸಿ ಬುಟ್ಟಿಗೆ ಎಸೆಯುತ್ತಾರೆ. ಬುಟ್ಟಿಯ ತುಂಬ ಗಂಡಸರ ಸೈನು.

ನನಗೆ ಪೆನ್ನು ಹಿಡಿದರೆ ಬರುವುದು ಒಂದೇ. 'ಓಂ ನಮಃ ಶಿವಾಯ' ಅಂತ ಬರೆದೆ. ಮೊದಲನೆಯದು ಕೋಳಿ ಕೆರೆದ ಹಾಗೆ ಕೆರೆಯಿತು. ಬೇಡ ಅಂದೆ. ಯಜಮಾನರು ಅಭ್ಯಾಸದಂತೆ ಚೀಟಿ ಎಳೆದುಕೊಂಡು ನಿಬ್ಬು ಒರೆಸಲು ಹೋದವರು ಕೈ ತಡೆದರು. ಶಿವನ ಹೆಸರಿನ ಮೇಲೆ ಮಸಿ ಒರೆಸುವುದು ಹೇಗೆ? ಕಣ್ಣಿಗೆ ಒತ್ತಿಕೊಂಡು ಹಿಂದಿನ ದೇವರ ಪಟದ ಹತ್ತಿರ ಇಟ್ಟರು. ಎರಡನೆಯದರಲ್ಲಿ ಮಸಿ ಸುರಿದು ಶಿವನೇ ಮುಳುಗಿ ಹೋದ. ಆ ಚೀಟಿಯೂ ಪಟದ ಹತ್ತಿರ ಹೋಯಿತು. ಮೂರನೆಯದೂ ಹೋಯಿತು. ನನ್ನ ಹಿಂದೆ ನಿಂತಿದ್ದ ಗಿರಾಕಿ, ಇದು ಅಂಗಡಿಯೋ ಮಠವೋ ಅಂತ ಗೊಣಗಿದ.

"ತಾಯಿ, ಶಿವನ್ನ ಬುಟ್ಟು ಇನ್ನೇನಾದ್ರೂ ಬರೀರಿ" ಅಂದರು ಯಜಮಾನರು. "ನಿಮ್ಮನೆಯವ್ರ ಹೆಸ್ರು ಬರೀರಿ."

ಗಂಡನ ಹೆಸರನ್ನು ಬಾಯಲ್ಲೇ ಹೇಳದ ಕಾಲ ಅದು. ಪೇಟೆ ಅಂಗಡಿಯಲ್ಲಿ ಬರೆದು, ಅದರ ಮೇಲೆ ಮಸಿ ಒರೆಸಿ, ಬುಟ್ಟಿಗೆ ಹಾಕಿಸುವುದೇ? ನನ್ನ ಹೆಸರು ಬರೆಯಬಹುದಿತ್ತು. ಹೊಳೆಯಲಿಲ್ಲ. ಗುಬ್ಬಿ ಬಿಟ್ಟಾಗಿನಿಂದ ತಲೆ ತುಂಬ ಬೇರೆಯದೇ ಹೆಸರು ಕೂತಿತ್ತು. ನಾಲ್ಕನೇ ಪೆನ್ನು ಅದ್ದಿದೆ. ಕೈ ತಾನಾಗಿ ಬರೆಯಿತು.

ಸರ್ವಮಂಗಳ.

ಏನು ಬರವಣಿಗೆ ಅಂತೀರಿ. ಕೆರೆಯಲಿಲ್ಲ, ಸುರಿಯಲಿಲ್ಲ, ಸದ್ದಿಲ್ಲ. ರಟ್ಟಿನ ಮೇಲೆ ಮಾವ ಬರೆದಿದ್ದರಲ್ಲ, ಥೇಟ್ ಅದೇ ಅಕ್ಷರ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ನಾನು ಬರೆದದ್ದು ಅದೊಂದೇ, ಅದೂ ಅವಳ ಹೆಸರು.

ಇದೇ ಇರಲಿ ಅಂದೆ. ಯಜಮಾನರು ಚೀಟಿ ಓದಿ, ಒಳ್ಳೆ ಹೆಸರು ತಾಯಿ, ನಿಮ್ಮದೇ ತಾನೇ ಅಂದರು. ಅಲ್ಲ, ನನ್ನ ಓರಗಿತ್ತಿಯದು ಅಂದರೆ ಮುಂದಿನ ಪ್ರಶ್ನೆ ಏನು ಬರುತ್ತದೆ ಹೇಳಿ. ಹೂಂ ಅಂದುಬಿಟ್ಟೆ. ಸೆರಗಿನ ಗಂಟು ಬಿಚ್ಚುತ್ತಿರುವಾಗ ಅವರು ಪೆನ್ನು ಹಿಡಿದು ಒಳಗೆ ಹೋದರು. ಅಲ್ಲಿಂದ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು ಬಂತು. ನಿಬ್ಬು ಸರಿ ಮಾಡುತ್ತಿದ್ದಾರೆ ಅಂದುಕೊಂಡೆ. ಡಬ್ಬಿಯಲ್ಲಿಟ್ಟು ಕೊಟ್ಟರು. ನಾಮ ಬರೆಯುವವರು ನೀವು, ನಮ್ಮ ಕಡೆಯಿಂದ ಒಂದು ಸಣ್ಣ ಸೇವೆ ಅಂತ ಕೈ ಮುಗಿದರು.

ಆ ಸೇವೆ ಏನು ಅಂತ ಗೊತ್ತಾದದ್ದು ಹೆಗ್ಗೆರೆ ದಾಟಿದ ಮೇಲೆ. ಬಸ್ಸಿನಲ್ಲಿ ಡಬ್ಬಿ ತೆಗೆದೆ. ಹೊಸ ಕರಿ ಪೆನ್ನು ಮಿರಿಮಿರಿ ಮಿಂಚುತ್ತಿದೆ. ಅದರ ಹೊಟ್ಟೆಯ ಮೇಲೆ ಮಷೀನಿನಲ್ಲಿ ಕೊರೆದು, ಬಿಳಿ ಬಣ್ಣ ತುಂಬಿ, ಉದ್ದಕ್ಕೂ ಒಂದು ಹೆಸರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಓದುವುದೇನು ಬಂತು, ನಿಮಗೇ ಗೊತ್ತಲ್ಲ.

ವಾಪಸ್ ಕೊಡುವ ಹಾಗಿಲ್ಲ. ಹೆಸರು ಕೊರೆದ ಪೆನ್ನನ್ನು ಯಾರು ತೆಗೆದುಕೊಳ್ಳುತ್ತಾರೆ? ಅದು ನನ್ನ ಹೆಸರಲ್ಲ ಅಂತ ಈಗ ಯಾವ ಮುಖ ಹೊತ್ತು ಹೇಳಲಿ?

ಮನೆಗೆ ಬಂದರೆ ಮಂಗಳ ಜಗಲಿಯಲ್ಲೇ ಕೂತಿದ್ದಳು, ಕೈಯಲ್ಲಿ ಮಾವನ ಪೆನ್ನು. ತುಮಕೂರಿನಿಂದ ಏನು ತಂದ್ರಿ ಅಕ್ಕ ಅಂತ ಕೇಳಿದಳು. ಹರಳೆಣ್ಣೆ ಅಂದು ಒಳಗೆ ಹೋದೆ. ನಮ್ಮ ಮನೆಯವರು ಪೆನ್ನು ತಿರುಗಿಸಿ ಹೆಸರು ಓದಿ, ಗೋಡೆಯಾಚೆ ಕೇಳಿಸದ ಹಾಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. (ಸೆರಗು ನನ್ನದು.)

"ಕೊಟ್ಬುಡೇ ಅವಳಿಗೇಯ. ಹೆಸ್ರೂ ಅವಳ್ದೇ ಐತೆ. ಖುಷಿ ಪಡ್ತಾಳೆ ಮಗಿ."

ಖುಷಿ ಪಡುತ್ತಾಳೆ, ಪಡದೆ ಏನು? ಅವಳ ಹತ್ತಿರ ಎರಡಾಗುತ್ತದೆ. ಒಂದು ಮಾವ ಕೊಟ್ಟದ್ದು, ಒಂದು ನಾನು ಕೊಟ್ಟದ್ದು. ನನ್ನ ಹತ್ತಿರ ಮತ್ತೆ ಮಂಡಿಯ ಬಾಲ್ ಪೆನ್ನು. ಇನ್ನು ನಾನೇ ಇಟ್ಟುಕೊಂಡು ಬರೆದೆನೋ, ಜಗಲಿಗೆ ಬಂದವರೆಲ್ಲ ಓದುತ್ತಾರೆ, ನೋಡು, ಮಂಗಳ ತನ್ನ ಪೆನ್ನನ್ನು ಅಕ್ಕನಿಗೆ ಕೊಟ್ಟಿದ್ದಾಳೆ ಅಂತ.

ಹೊಟ್ಟೆಕಿಚ್ಚು ಪಡಬೇಡಿ, ಅದು ನಮ್ಮನ್ನೇ ಸುಡುತ್ತದೆ ಅಂತ ದೊಡ್ಡವರೆಲ್ಲ ಹೇಳುತ್ತಾರೆ. ನೀವೂ ಅಂಕಣ ಓದಿ ಕಾಗದ ಬರೆದು ಹೇಳುತ್ತೀರಿ. ಸುಡುತ್ತದೆ, ಗೊತ್ತು. ಒಲೆಯೂ ಸುಡುತ್ತದೆ. ಒಲೆ ಇಲ್ಲದೆ ಯಾರ ಮನೆಯಲ್ಲಿ ಅಡುಗೆಯಾಗಿದೆ?

ಮಾರನೇ ದಿನ ಬೆಳಗ್ಗೆ, ಎಲ್ಲರಿಗಿಂತ ಮೊದಲು ಎದ್ದು ಹಿತ್ತಿಲಿಗೆ ಹೋದೆ. ಪೆನ್ನಿನ ಕತ್ತು ಬಿಚ್ಚಿ ನಿಬ್ಬನ್ನು ಬೇರೆ ಇಟ್ಟೆ. ಒಗೆಯುವ ಕಲ್ಲಿಗೆ ನೀರು ಚಿಮುಕಿಸಿ, ಪೆನ್ನಿನ ಹೊಟ್ಟೆಯನ್ನು ಕಲ್ಲಿಗೆ ಹಚ್ಚಿ ಉಜ್ಜಿದೆ. ಬಿಳಿ ಬಣ್ಣ ಮೊದಲು ಹೋಯಿತು. ಆಮೇಲೆ 'ಸ' ಹೋಯಿತು. 'ಮಂ' ಹೋಯಿತು. ಕೊನೆಯ 'ಳ' ಬಹಳ ಹಟ ಮಾಡಿತು. ನನಗೂ ಹಟ ಇತ್ತು. ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರು ಹಿಡಿದು, ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಸುತ್ತಲೂ ತಿಕ್ಕಿದೆ. ಹೆಸರಿನ ಜೊತೆ ಹೊಳಪೂ ಹೋಯಿತು. ಕ್ಲಿಪ್ಪಿನ ಚಿನ್ನದ ಬಣ್ಣವೂ ಎದ್ದು ಹೋಯಿತು. ತೊಳೆದು ಬೆಳಕಿಗೆ ಹಿಡಿದು ನೋಡಿದರೆ, ಯಾರೋ ಹಿರಿಯರು ಒಂದು ಜನ್ಮವೆಲ್ಲ ಜೇಬಿನಲ್ಲಿಟ್ಟುಕೊಂಡು ಬರೆದು ಸವೆಸಿದ ಪೆನ್ನಿನ ಹಾಗೆ ಮಂಕಾಗಿ ಕೂತಿತ್ತು ಕೈಯಲ್ಲಿ.

ಅಷ್ಟರಲ್ಲಿ ಮಂಗಳ ಕೊಡಪಾನ ಹಿಡಿದು ಬಂದಳು. ನನ್ನ ಕೈ ನೋಡಿದಳು. ಕೊಡಪಾನ ಕೆಳಗಿಟ್ಟು ಹತ್ತಿರ ಬಂದು ಇನ್ನೊಂದು ಸಲ ನೋಡಿದಳು.

"ಅಕ್ಕ, ಇದೂ ಮಾವಂದಲ್ವಾ? ನಿಮ್ಗೂ ಕೊಟ್ಟಿದ್ರಾ?"

ಅವಳ ಮುಖದಲ್ಲಿ ಸಣ್ಣಗೆ ಏನೋ ಇಳಿಯಿತು. ಅದೇನು ಅಂತ ಆ ಗುಬ್ಬಿಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ನಾನು ನಿಧಾನವಾಗಿ ಪೆನ್ನನ್ನು ಸೆರಗಿನಲ್ಲಿ ಒರೆಸಿದೆ.

"ಹೂಂ ಕಣೇ. ನಿಂಗಿಂತ ಮೊದ್ಲೇ."